ಕೆಂಪು ಸಿಲಿಂಡರಿಗೊಂದು ಆರತಿ

ಮದುವೆ ಮನೆಗೆ ಕಾಲಿಟ್ಟವರು ಮೊದಲು ಏನನ್ನು ನೋಡುತ್ತಾರೆ ಎಂಬುದರ ಮೇಲೆ ಅವರ ಸ್ವಭಾವವನ್ನು ಹೇಳಿಬಿಡಬಹುದು. ಕೆಲವರು ಹೆಣ್ಣಿನ ಕಡೆಯವರ ಒಡವೆ ನೋಡುತ್ತಾರೆ. ಕೆಲವರು ಊಟದ ಮನೆಯ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡು ಅದಕ್ಕೆ ಹತ್ತಿರದ ಕುರ್ಚಿ ಹಿಡಿಯುತ್ತಾರೆ. ನನ್ನ ಹೆಂಡತಿ ರತ್ನ ಸೀರೆಗಳ ಅಂಚು ನೋಡುತ್ತಾಳೆ. ನಾನು ಗೋಡೆ ನೋಡುತ್ತೇನೆ. ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ನೇತಾಡುತ್ತಿದೆಯೇ, ಅದರ ಕತ್ತಿನ ಬಳಿ ಇರುವ ಪುಟ್ಟ ಮೀಟರಿನಲ್ಲಿ ಮುಳ್ಳು ಹಸಿರು ಪಟ್ಟಿಯ ಮೇಲಿದೆಯೇ ಎಂದು ನೋಡಿದ ಮೇಲೆಯೇ ನನಗೆ ವಧೂವರರ ಕಡೆ ಗಮನ. ಮುಳ್ಳು ಕೆಂಪಿಗೆ ಇಳಿದಿದ್ದರೆ ಆವತ್ತಿನ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಒಮ್ಮೆಯಂತೂ ತಡೆಯಲಾರದೆ, ಧಾರೆ ಮುಗಿಸಿ ಬೆವರೊರೆಸಿಕೊಳ್ಳುತ್ತಿದ್ದ ಹೆಣ್ಣಿನ ತಂದೆಯ ಪಕ್ಕಕ್ಕೆ ಹೋಗಿ ಮುಳ್ಳಿನ ವಿಷಯ ಪಿಸುಗುಟ್ಟಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಊಟ ಆಯಿತೇ ಎಂದು ಕೇಳಿದರು.

ಇದೊಂದು ಕಾಯಿಲೆ ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಎಂಥ ಸೊಗಸಾದ ಕಾಯಿಲೆ! ಐವತ್ತು ದಾಟಿದವರಿಗೆ ಹೊಸ ಉತ್ಸಾಹ ಸಿಗುವುದೇ ಅಪರೂಪ. ನನ್ನ ಸಹೋದ್ಯೋಗಿಗಳಿಗೆ ಸಿಕ್ಕಿರುವುದು ಸಕ್ಕರೆ ಕಾಯಿಲೆ. ನನಗೆ ಸಿಕ್ಕಿರುವುದು ಇದು.

ನಾನು ಕಡಕೊಳದ ಒಂದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುವವನು. ನಮ್ಮಲ್ಲಿ ಎತ್ತ ತಿರುಗಿದರೂ ರಟ್ಟು, ಕಾಗದ, ಅಂಟು. ಬೀಡಿ ಸೇದುವವನ ಪಕ್ಕದಲ್ಲಿ ಕುಳಿತು ಬಂದವರನ್ನು ಕೂಡ ಗೇಟಿನಲ್ಲಿ ಮೂಸಿ ನೋಡಿ ಒಳಗೆ ಬಿಡುತ್ತಾರೆ. ಒಮ್ಮೆ ಬೆಂಕಿ ಆರಿಸುವ ತರಬೇತಿಗೆ ಐದು ಜನರ ಹೆಸರು ಬೇಕಾಯಿತು. ನಾಲ್ವರು ಹೇಗೋ ಸಿಕ್ಕರು. ಐದನೆಯವನು ನಾನು, ಏಕೆಂದರೆ ಆ ದಿನ ನಾನು ರಜೆಯಲ್ಲಿದ್ದೆ. ಮರುದಿನ ಬಂದು ನೋಡಿದರೆ ನೋಟೀಸು ಬೋರ್ಡಿನಲ್ಲಿ ನನ್ನ ಹೆಸರು ಇತ್ತು, ಸಿದ್ದರಾಜು, ಉಗ್ರಾಣ, ಬೆಂಕಿ ಪಡೆ ಎಂದು. ಪಡೆ ಎಂಬ ಮಾತು ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಎದೆಯೂ ಉಬ್ಬಿತು.

ತರಬೇತಿ ಕೊಡಲು ಬಂದವರು ಅಗ್ನಿಶಾಮಕ ಠಾಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಚಿಕ್ಕೇಗೌಡರು. ಪೊದೆ ಮೀಸೆ, ಗಟ್ಟಿ ದನಿ. ಕಾರ್ಖಾನೆಯ ಹಿಂದಿನ ಬಯಲಿನಲ್ಲಿ, ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನಲ್ಲಿ ಡೀಸೆಲ್ ಸುರಿದು, ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೆಂಕಿ ಹಚ್ಚಿದರು. ಬೆಂಕಿ ಸಣ್ಣದೇ. ಆದರೆ ಕೈಯಲ್ಲಿ ಸಿಲಿಂಡರು ಹಿಡಿದು ನಿಂತವನಿಗೆ ಯಾವ ಬೆಂಕಿಯೂ ಸಣ್ಣದಲ್ಲ. ಅವರು ಹೇಳಿಕೊಟ್ಟಿದ್ದು ನಾಲ್ಕೇ ಮಾತು: ಪಿನ್ನು ಕೀಳು, ಬುಡಕ್ಕೆ ಗುರಿ ಹಿಡಿ, ಅದುಮು, ಗುಡಿಸು. ಇಷ್ಟು ಸುಲಭದ್ದನ್ನು ಕಲಿಯಲು ಒಂದು ದಿನ ಯಾಕೆ ಬೇಕು ಎಂದು ಪಕ್ಕದವನ ಹತ್ತಿರ ಗೊಣಗಿದ್ದು ಚಿಕ್ಕೇಗೌಡರ ಕಿವಿಗೆ ಬಿದ್ದು, ಮೊದಲ ಸರದಿ ನನಗೇ ಬಂತು.

ನಾನು ವೀರನಂತೆ ಮುಂದೆ ಹೋದೆ. ಎಡಗೈಯಲ್ಲಿ ಹಿಡಿಕೆಯನ್ನು ಪ್ರಾಣ ಹೋಗುವಷ್ಟು ಬಿಗಿಯಾಗಿ ಅದುಮಿ ಹಿಡಿದು, ಬಲಗೈಯಲ್ಲಿ ಪಿನ್ನು ಎಳೆದೆ. ಬರಲಿಲ್ಲ. ಹಲ್ಲು ಕಚ್ಚಿ ಎಳೆದೆ. ಉಹೂಂ. ಅತ್ತ ಡೀಸೆಲ್ಲು ತನ್ನ ಪಾಡಿಗೆ ಉರಿಯುತ್ತಿತ್ತು, ಇತ್ತ ಇಡೀ ಕಾರ್ಖಾನೆ ನಗುತ್ತಿತ್ತು. ಚಿಕ್ಕೇಗೌಡರು ಮಾತ್ರ ನಗಲಿಲ್ಲ. ಹತ್ತಿರ ಬಂದು ನನ್ನ ಎಡಗೈಯ ಮೇಲೆ ಮೆಲ್ಲಗೆ ತಟ್ಟಿದರು.

“ಕತ್ತು ಹಿಸುಕ್ತಾ ಇದ್ರೆ ಅದು ಎಂಗೆ ಬಾಯಿ ಬುಡ್ತದೆ ಸಿದ್ದರಾಜು? ಮೊದ್ಲು ಕೈ ಸಡ್ಲ ಬುಡಿ.”

ಸಡಿಲ ಬಿಟ್ಟೆ. ಒಂದು ಸಲ ತಿರುಚಿ ಎಳೆದೆ. ಪಿನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಆಮೇಲೆ ಅದುಮಿದೆ ನೋಡಿ! ಬುಸ್ಸೆಂದು ಬಿಳಿ ಪುಡಿ ನುಗ್ಗಿತು. ನನ್ನ ಮೈಯೆಲ್ಲ ಜುಮ್ಮೆಂದಿತು. ಮೊದಲ ಸಲ ಸೈಕಲ್ಲಿನಿಂದ ಅಪ್ಪ ಕೈ ಬಿಟ್ಟಿದ್ದೂ ತಿಳಿಯದೆ ಲಕ್ಷ್ಮೀಪುರಂ ರಸ್ತೆಯ ತುದಿಯವರೆಗೂ ತುಳಿದುಕೊಂಡು ಹೋದ ದಿನ ಆಗಿದ್ದ ಸಂತೋಷವೇ ಅದು. ಆದರೆ ಸಂತೋಷದಲ್ಲಿ ಪುಡಿಯನ್ನೆಲ್ಲ ಜ್ವಾಲೆಯ ತುದಿಗೆ ಹೊಡೆದಿದ್ದೆ. ಜ್ವಾಲೆ ಒಮ್ಮೆ ಬಗ್ಗಿ, ಪುಡಿ ಮುಗಿದ ಮೇಲೆ ಮತ್ತೆ ಎದ್ದು ನಿಂತಿತು. ಹತ್ತು ಹನ್ನೆರಡು ಸೆಕೆಂಡಿನ ಆಟ ಅದು, ಅಷ್ಟರಲ್ಲಿ ಸಿಲಿಂಡರು ಖಾಲಿ. ಉರಿಯುವುದು ಮೇಲೆ ಕಂಡರೂ ಅದರ ಬೇರು ಕೆಳಗಿದೆ, ಒಂದೂವರೆ ಮಾರು ದೂರದಲ್ಲಿ ನಿಂತು ಆ ಬುಡವನ್ನು ಅಂಗಳ ಗುಡಿಸುವ ಹಾಗೆ ಆ ಕಡೆಯಿಂದ ಈ ಕಡೆಗೆ ಗುಡಿಸಬೇಕು ಎಂದು ಚಿಕ್ಕೇಗೌಡರು ಇನ್ನೊಂದು ಸಿಲಿಂಡರು ಕೊಟ್ಟರು. ಎರಡನೆಯ ಸಲ ಗುಡಿಸಿದೆ. ಬೆಂಕಿ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಕುಣಿಯುವುದೊಂದು ಬಾಕಿ.

ಆ ದಿನ ಕಲಿತದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಮಾತ್ರ ಬೆಂಕಿ ಆರಿಸುವ ವಿದ್ಯೆಯಲ್ಲ, ಓಡಿಹೋಗುವ ವಿದ್ಯೆ. ಕಸದ ಬುಟ್ಟಿಯಷ್ಟು ಬೆಂಕಿಯಾದರೆ ನೀವು ನೋಡಿಕೊಳ್ಳಿ, ಅದಕ್ಕಿಂತ ದೊಡ್ಡದಾದರೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡು, ನಮ್ಮ ಠಾಣೆಗೆ ಫೋನು ಮಾಡಿ ಎಂದರು ಚಿಕ್ಕೇಗೌಡರು. ಬೆಂಕಿ ಮುಂದೆ, ಬಾಗಿಲು ಬೆನ್ನ ಹಿಂದೆ, ಇದು ಯಾವತ್ತೂ ತಪ್ಪಕೂಡದು. ಸಿಲಿಂಡರು ಮುಗಿದೂ ಬೆಂಕಿ ಮುಗಿಯದಿದ್ದರೆ ಹಿಂದು ಹಿಂದಕ್ಕೇ ನಡೆದು ಹೊರಬೀಳಬೇಕು. ಮೂವತ್ತು ವರ್ಷ ಬೆಂಕಿಗೆ ನುಗ್ಗಿದ ಮನುಷ್ಯ ನಮಗೆ ಹೇಳಿಕೊಟ್ಟಿದ್ದು ಯಾವಾಗ ನುಗ್ಗಬಾರದು ಎಂಬುದನ್ನು. ಅದು ನನ್ನಂಥ ಪುಕ್ಕಲನಿಗೆ ಬಹಳ ನೆಮ್ಮದಿ ಕೊಟ್ಟಿತು.

ಆ ವಾರವೇ ಒಂದು ಸಿಲಿಂಡರು ಕೊಂಡು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮನೆಗೆ ತಂದೆ. ರತ್ನ ಬಾಗಿಲಲ್ಲೇ ನಿಂತು ಇದೇನು ಎಂದಳು. ಅವಳು ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಬಣ್ಣಕ್ಕೆ ಬಣ್ಣ ಹೊಂದಬೇಕು ಅವಳಿಗೆ. ನಡುಮನೆಯ ತಿಳಿ ಹಳದಿ ಗೋಡೆಗೆ ಈ ರಕ್ತಗೆಂಪು ಹೊಂದುವುದಿಲ್ಲ ಎಂಬುದು ಅವಳ ಮೊದಲ ತಕರಾರು. ಅಡುಗೆ ಮನೆಯಲ್ಲಿ ಇಟ್ಟುಕೊಳ್ಳಿ ಎಂದಳು. ಒಲೆಯ ಪಕ್ಕ ಇಟ್ಟರೆ, ಒಲೆಯಲ್ಲೇ ಬೆಂಕಿ ಎದ್ದಾಗ ಅದನ್ನು ತರಲು ಬೆಂಕಿಯೊಳಗೇ ಕೈ ಹಾಕಬೇಕಾಗುತ್ತದೆ, ಹೊರಬಾಗಿಲ ಪಕ್ಕವೇ ಅದರ ಜಾಗ ಎಂದು ನಾನು ಪಾಠ ಮಾಡಿದೆ. ಮೊಳೆ ಹೊಡೆದು ಎದೆಯ ಎತ್ತರಕ್ಕೆ ನೇತುಹಾಕಿದೆ. ಎರಡೇ ದಿನದಲ್ಲಿ ರತ್ನ ಸೋಫಾ ಕವರಿನ ಉಳಿದ ಬಟ್ಟೆಯಲ್ಲಿ ಅದಕ್ಕೊಂದು ಅಂಗಿ ಹೊಲಿದು ತೊಡಿಸಿದ್ದಳು. ನಾನು ಬಿಚ್ಚುವುದು, ಅವಳು ತೊಡಿಸುವುದು, ಹೀಗೆ ಒಂದು ತಿಂಗಳು ನಡೆಯಿತು. ಬಿಚ್ಚಿದ್ದೇ ಕೊನೆಗೆ ಗೆದ್ದಿತು.

ನನ್ನ ಅಮ್ಮ ಈ ಜಗಳದಲ್ಲಿ ಯಾರ ಕಡೆಯೂ ಇರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕುಳಿತಿರುತ್ತಿದ್ದಳು. ನಾನು ಅವಳ ಮುಂದೆ ನಿಂತು ದಿನಕ್ಕೊಂದು ಸಲ ಪಾಠ ಒಪ್ಪಿಸುತ್ತಿದ್ದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು, ಒಲೆ ಆರಿಸಿ ತಟ್ಟೆ ಮುಚ್ಚಬೇಕು ಎಂದು ನಾನು ದೊಡ್ಡ ರಹಸ್ಯ ಹೇಳುವವನ ಹಾಗೆ ಹೇಳಿದಾಗ ಅವಳು ಕಲ್ಲೊಂದನ್ನು ಎತ್ತಿ ಬಿಸಾಡಿ, “ಇದ ನಮ್ಮತ್ತೆ ನಂಗೆ ಮದ್ವೆಯಾದ ವರ್ಷವೇ ಹೇಳಿದ್ರು ಕಣ್ಲಾ. ಅವ್ರಿಗೆ ಯಾರೂ ಸರ್ಟಿಫಿಕೇಟು ಕೊಟ್ಟಿರ್ನಿಲ್ಲ ಅಷ್ಟೆ” ಎಂದಳು.

ಅಮ್ಮನ ಮಾತು ಕೇಳಿ ನನಗೆ ಯೋಚನೆ ಹತ್ತಿತು. ನಮ್ಮ ಜನಕ್ಕೆ ಬೆಂಕಿ ಹೊಸತೇ? ಹುಟ್ಟಿದ ಮಗುವಿಗೆ ಹೊಗೆ ಹಾಕುವುದರಿಂದ ಹಿಡಿದು ಸತ್ತವನಿಗೆ ಕೊಳ್ಳಿ ಇಡುವವರೆಗೆ ಎಲ್ಲದಕ್ಕೂ ಬೆಂಕಿಯೇ ಸಾಕ್ಷಿ. ಅಮ್ಮ ಹಳ್ಳಿಯಲ್ಲಿದ್ದಾಗ ಬೆಳಿಗ್ಗೆ ಎದ್ದು ಪಕ್ಕದ ಮನೆಯಿಂದ ಕರಟದಲ್ಲಿ ಕೆಂಡ ತಂದು ಒಲೆ ಹಚ್ಚುತ್ತಿದ್ದಳಂತೆ. ಬೆಂಕಿಪೊಟ್ಟಣ ಇದ್ದರೂ ಕೆಂಡ ಕೇಳುವ ನೆಪದಲ್ಲಿ ನಾಲ್ಕು ಮಾತಾಡಿ ಬರಬಹುದಿತ್ತು. ನಮ್ಮ ಮೈಸೂರೋ, ಹತ್ತು ದಿನ ಹಬ್ಬ ಮಾಡಿ ಕೊನೆಯ ಸಂಜೆ ಬನ್ನಿಮಂಟಪದಲ್ಲಿ ಪಂಜು ತಿರುಗಿಸಿ ಮುಗಿಸುವ ಊರು. ಹಚ್ಚುವುದು, ಬೆಳಗುವುದು, ಎತ್ತುವುದು, ಹಾಯುವುದು ಎಲ್ಲ ನಮಗೆ ಗೊತ್ತು. ಆರಿಸುವುದಕ್ಕೆ ಮಾತ್ರ ನಮಗೆ ಬಾಯಿಯೇ ಬರುವುದಿಲ್ಲ. ದೀಪ ಆರಿತು ಎಂದರೆ ಅಮ್ಮ ಇವತ್ತಿಗೂ ಬೈಯುತ್ತಾಳೆ. ದೀಪ ಶಾಂತವಾಯಿತು ಎನ್ನಬೇಕು. ಆರಿತು ಎನ್ನಲೂ ಹೆದರುವ ಮನೆಗೆ ನಾನು ಆರಿಸುವ ಯಂತ್ರವನ್ನೇ ತಂದು ನೇತುಹಾಕಿದ್ದೆ. ಸರ್ಕಾರದವರು ಯೋಚಿಸಿಯೇ ಅಗ್ನಿಶಾಮಕ ಎಂದು ಹೆಸರಿಟ್ಟಿರಬೇಕು. ಅದರಲ್ಲೂ ಶಾಂತ ಮಾಡುವ ಮಾತೇ ಇದೆ, ಆರಿಸುವ ಮಾತಿಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ ಅವಳಿಗೆ ಮೊದಲ ಬಾರಿಗೆ ಆ ಸಿಲಿಂಡರಿನ ಮೇಲೆ ಸ್ವಲ್ಪ ಗೌರವ ಮೂಡಿತು. ಹಾಗೆ ಮೂಡಿದ ಗೌರವವೇ ಮುಂದೆ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಅದಕ್ಕೆ ಮೊದಲು ನಮ್ಮ ಮನೆಯ ಆಯುಧಪೂಜೆಯ ಬಗ್ಗೆ ಹೇಳಬೇಕು. ಆ ದಿನ ಬೆಳಿಗ್ಗೆ ಇಳಿಗೆ ಮಣೆ, ಚಾಕು, ಕತ್ತರಿ, ಸ್ಪ್ಯಾನರು, ರತ್ನಳ ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ. ಪೂಜೆಯಾದ ಆಯುಧವನ್ನು ಮರುದಿನ ವಿಜಯದಶಮಿಯ ಮಂಗಳಾರತಿ ಆಗುವ ತನಕ ಮುಟ್ಟುವಂತಿಲ್ಲ. ಇದು ಅಮ್ಮನ ಕಾನೂನು. ಸ್ಕೂಟರನ್ನು ಮಾತ್ರ ನಿಂಬೆಹಣ್ಣಿನ ಮೇಲೆ ಹತ್ತಿಸಿ ಬಿಡುಗಡೆ. ಅಡುಗೆಗೆ ಬೇಕಾದ ತರಕಾರಿಯನ್ನೆಲ್ಲ ಪೂಜೆಗೆ ಮೊದಲೇ ಹೆಚ್ಚಿಟ್ಟುಕೊಳ್ಳಬೇಕು. ಒಂದು ವರ್ಷ ರತ್ನಳ ಅಣ್ಣ ಬನ್ನಿಮಂಟಪದಿಂದ ಮಣಭಾರದ ಕಲ್ಲಂಗಡಿ ಹಣ್ಣು ಹೊತ್ತುಕೊಂಡು ಬಂದ. ಚಾಕು ಪೂಜೆಯಲ್ಲಿತ್ತು. ಹಣ್ಣನ್ನು ನಡುವೆ ಇಟ್ಟುಕೊಂಡು ನಾವೆಲ್ಲ ಸುತ್ತ ಕುಳಿತು ಅದನ್ನೇ ನೋಡುತ್ತಾ ಕಾಫಿ ಕುಡಿದೆವು. ಅವನು ಹೊರಟ ಮೇಲೆ ಮರುದಿನ ಹೆಚ್ಚಿ ತಿಂದೆವು. ಅಮ್ಮನ ಕಾನೂನಿಗೆ ಕಲ್ಲಂಗಡಿಯೂ ಒಂದೇ, ಬಾವನೂ ಒಂದೇ.

ಸಿಲಿಂಡರು ಬಂದ ಮೇಲಿನ ಮೊದಲ ಆಯುಧಪೂಜೆಯ ದಿನ ಅಮ್ಮ ತಾನಾಗಿಯೇ, ಅದೂ ಆಯುಧ ತಾನೆ, ಅದನ್ನೂ ತಂದಿಡು ಎಂದಳು. ನನ್ನ ಆನಂದ ಕೇಳಬೇಡಿ. ಸೋಫಾ ಬಟ್ಟೆಯ ಅಂಗಿ ತೊಟ್ಟು ಅವಮಾನ ಅನುಭವಿಸಿದ್ದ ನನ್ನ ಸಿಲಿಂಡರಿಗೆ ಕೊನೆಗೂ ಮಣೆ ಹಾಕುವ ಕಾಲ ಬಂದಿತ್ತು. ಮೊಳೆಯಿಂದ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮದುವೆಗೆ ಗಂಡು ಕರೆತಂದಂತೆ ಒಳಗೆ ಕರೆತಂದೆ. ಅದರ ಜಾಗ ಬಾಗಿಲ ಪಕ್ಕ ಎಂದು ವರ್ಷವಿಡೀ ಪಾಠ ಮಾಡಿದ ನಾನೇ ಅದನ್ನು ಅಲ್ಲಿಂದ ಎಬ್ಬಿಸಿ, ನಡುಮನೆಯ ಒಳಗೋಡೆಗೆ ಕೂರಿಸಿದ್ದ ದಸರಾ ಗೊಂಬೆಗಳ ಬುಡದಲ್ಲಿ ಬಲ ಮೂಲೆಗೆ ಮಣೆ ಹಾಕಿ ಕೂರಿಸಿದೆ. ಅಮ್ಮ ವಿಭೂತಿ ಎಳೆದಳು, ಗಂಧ ಹಚ್ಚಿದಳು, ಗಂಧದ ಮೇಲೆ ಕುಂಕುಮ ಇಟ್ಟಳು. ಗಂಧ ಬಿದ್ದದ್ದು ಸರಿಯಾಗಿ ಮೀಟರಿನ ಗಾಜಿನ ಮೇಲೆ. ಸೇವಂತಿಗೆ ಹಾರವನ್ನು ಕತ್ತಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದಳು. ನಾನು ಫೋಟೋ ತೆಗೆದು ಕಾರ್ಖಾನೆಯ ಗುಂಪಿಗೆಲ್ಲ ಕಳಿಸಿದೆ.

ಗೊಂಬೆಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೇಲಿನ ಮೆಟ್ಟಿಲಲ್ಲಿ ಕೂರುವ ಪಟ್ಟದ ರಾಜ ರಾಣಿ ರತ್ನಳಿಗೆ ತವರಿನಿಂದ ಬಂದವು. ಮದುವೆಯಲ್ಲಿ ಅವಳ ಅಮ್ಮ ಮಡಿಲಿಗೆ ಹಾಕಿದ ಮರದ ಜೋಡಿ. ಪ್ರತಿ ವರ್ಷ ಆ ರಾಣಿಗೆ ಜರಿ ಸೀರೆ ಉಡಿಸಲು ಅವಳ ಅಮ್ಮನೇ ಬನ್ನಿಮಂಟಪದಿಂದ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ರತ್ನ ಆ ಗೊಂಬೆಗಳನ್ನು ಮುಟ್ಟುವ ರೀತಿಯೇ ಬೇರೆಯಾಯಿತು. ತನ್ನ ಅಮ್ಮ ಕೊನೆಯ ಸಲ ಉಡಿಸಿದ ಸೀರೆಯನ್ನು ಅವಳು ಬದಲಿಸಲಿಲ್ಲ. ಆ ವರ್ಷ ಆ ಜೋಡಿಯ ಸುತ್ತ ಬಣ್ಣದ ಕ್ರೇಪು ಕಾಗದದ ಕಮಾನು ಕಟ್ಟಿ ಅರಮನೆ ಮಾಡಿಕೊಟ್ಟವನು ನಾನೇ. ಕಾರ್ಖಾನೆಯಲ್ಲಿ ಕಾಗದವನ್ನು ಬೆಂಕಿಯಿಂದ ಕಾಯುವವನು ಮನೆಯಲ್ಲಿ ದೀಪದ ಎದುರಿಗೆ ಕಾಗದ ಕಟ್ಟಿದ್ದೆ. ಆದರೆ ಹಬ್ಬದ ದಿನ ಅದು ಯಾರಿಗೆ ಹೊಳೆಯುತ್ತದೆ?

ಸಂಜೆ ದೀಪ ಹಚ್ಚಿದ ಮೇಲೆ ಎದುರು ಮನೆಯ ಇಬ್ಬರು ಹೆಂಗಸರು ಗೊಂಬೆ ನೋಡಲು ಬಂದರು. ನಡುಮನೆಯಲ್ಲಿ ಸೆಕೆ. ಬಂದವರು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುವುದನ್ನು ನೋಡಿ ಮರ್ಯಾದಸ್ಥನಾದ ನಾನು ಎದ್ದು ಫ್ಯಾನು ಹಾಕಿದೆ. ಬೆಂಕಿ ಪಡೆಯ ಸಿದ್ದರಾಜುವೇ ಹಾಕಿದ್ದು, ಬೇರೆ ಯಾರೂ ಅಲ್ಲ. ಕಮಾನಿನ ಎಡ ತುದಿಯಿಂದ ಒಂದು ಕಾಗದದ ಪಟ್ಟಿ ಬಿಚ್ಚಿಕೊಂಡು ಎರಡು ಸಲ ಹಾರಾಡಿ, ಮೂರನೆಯ ಸಲ ಎರಡನೇ ಮೆಟ್ಟಿಲ ಮೇಲಿದ್ದ ದೀಪವನ್ನು ಮುಟ್ಟಿತು. ನಾನು ಅದನ್ನು ನೋಡುತ್ತಲೇ ಇದ್ದೆ. ಕಾಗದ ಹತ್ತಿತು, ಅದರಿಂದ ಪಕ್ಕದಲ್ಲಿ ಗೊಂಬೆಗಳಿಗೆಂದು ಹತ್ತಿಯಲ್ಲಿ ಮಾಡಿದ್ದ ಬೆಟ್ಟ ಹತ್ತಿತು, ಅಲ್ಲಿಂದ ಕಮಾನಿನ ಕಾಲು. ಅಷ್ಟಕ್ಕೆ ಮೂರು ಉಸಿರಿನ ಹೊತ್ತೂ ಹಿಡಿಯಲಿಲ್ಲ.

ದಿನಕ್ಕೊಂದು ಸಲ ಒಪ್ಪಿಸುತ್ತಿದ್ದ ಪಾಠದಲ್ಲಿ ಒಂದು ಅಕ್ಷರವೂ ನನ್ನ ಬಾಯಿಗೆ ಬರಲಿಲ್ಲ. ಕೈ ಹೇಗೋ ಫ್ಯಾನು ಆರಿಸಿತು. ಬಂದ ಹೆಂಗಸರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗಿಳಿದರು, ಅವರೇ ಜಾಣರು. ರತ್ನ ಮಾತ್ರ ಹೊರಗೆ ಹೋಗುವ ಬದಲು ಒಳಕ್ಕೆ ನುಗ್ಗಿದಳು. ಮೇಲಿನ ಮೆಟ್ಟಿಲಿಗೆ ಎರಡೂ ಕೈ ಚಾಚಿದ್ದಳು. ಅವಳ ಹಬ್ಬದ ಸೀರೆಯ ಸೆರಗು ಉರಿಯುವ ಹತ್ತಿಯಿಂದ ಒಂದು ಗೇಣು ದೂರದಲ್ಲಿತ್ತು. ಅಷ್ಟು ಹೆದರಿಕೆ ನನ್ನ ಜೀವಮಾನದಲ್ಲಿ ನನಗೆ ಆಗಿಲ್ಲ. ಕಲ್ಲು ಆರಿಸುವ ಕೈಗೆ ಅಷ್ಟು ಬಲ ಎಲ್ಲಿತ್ತೋ, ಅಮ್ಮ ಕುಳಿತಲ್ಲಿಂದ ಎದ್ದು ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಬಿಡಿ ಅತ್ತೆ, ನಮ್ಮಮ್ಮನ ಗೊಂಬೆ ಎಂದು ರತ್ನ ಅಳತೊಡಗಿದಳು. ಅಮ್ಮ ಬಿಡಲಿಲ್ಲ. ಬಾಗಿಲವರೆಗೂ ಎಳೆದುಕೊಂಡೇ ಹೋದಳು.

ನಾನು ಸಿಲಿಂಡರಿನ ಕಡೆ ನೋಡಿದೆ. ಬೆಂಕಿ ಎಡಕ್ಕಿತ್ತು, ಸಿಲಿಂಡರು ಬಲ ಮೂಲೆಯಲ್ಲಿ. ಪುಣ್ಯಕ್ಕೆ ದಾರಿ ಇನ್ನೂ ಮುಚ್ಚಿರಲಿಲ್ಲ. ಎರಡು ಹೆಜ್ಜೆ ಇಟ್ಟು ಬಗ್ಗಿದವನು, ವಿಭೂತಿ, ಕುಂಕುಮ, ಮೂರು ಸುತ್ತಿನ ಹಾರ ಕಂಡು ನಿಂತುಬಿಟ್ಟೆ. ಪೂಜೆಯಾದ ಆಯುಧ, ನಾಳೆಯ ಮಂಗಳಾರತಿಯ ತನಕ ಮುಟ್ಟುವಂತಿಲ್ಲ! ನೀವು ನಂಬಲಿಕ್ಕಿಲ್ಲ, ಮನೆ ಹತ್ತಿ ಉರಿಯುತ್ತಿರುವಾಗ ಐವತ್ತನಾಲ್ಕು ವರ್ಷದ ಗಂಡಸಾದ ನಾನು ತಿರುಗಿ ಅಮ್ಮನ ಮುಖ ನೋಡಿದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಗಾದೆ ಇದೆ. ಬಾವಿ ಪಕ್ಕದಲ್ಲೇ ಇದ್ದೂ ನೀರು ಸೇದಲು ಅಪ್ಪಣೆ ಕೇಳಿದವನ ಗಾದೆ ಇನ್ನೂ ಹುಟ್ಟಿಲ್ಲ, ನನ್ನಿಂದ ಹುಟ್ಟಬೇಕು.

“ನನ್ ಮಕ ಏನ್ಲಾ ನೋಡೀಯೆ?” ಎಂದಳು ಅಮ್ಮ ಬಾಗಿಲಿನಿಂದ. “ಎತ್ಕೊ. ಪೂಜೆ ಮಾಡಿದ್ದು ಮತ್ತಿನ್ಯಾಕೆ?”

ಎತ್ತಿಕೊಂಡೆ. ಹಿಂದಕ್ಕೆ ಸರಿದು, ಬಾಗಿಲು ಬೆನ್ನಿಗೆ ಬರುವ ಹಾಗೆ ನಿಂತೆ. ಆ ನಿಲುವು ತಾನಾಗಿಯೇ ಬಂತು, ಚಿಕ್ಕೇಗೌಡರ ಪುಣ್ಯ. ಪಿನ್ನು ಎಳೆದರೆ, ಬರಲಿಲ್ಲ. ಮತ್ತೆ ಅದೇ ಕಡಕೊಳದ ಬಯಲು. ಎಡಗೈ ಹಿಡಿಕೆಯನ್ನು ಹಿಸುಕುತ್ತಿತ್ತು. ಅದರ ಮೇಲೆ ಸೇವಂತಿಗೆಯ ದಾರ ಬೇರೆ ಪಿನ್ನಿಗೆ ಸುತ್ತಿಕೊಂಡಿತ್ತು. ಕೈ ಸಡಿಲ ಬಿಡಿ ಸಿದ್ದರಾಜು ಎಂದು ಕಿವಿಯಲ್ಲಿ ಯಾರೋ ಅಂದ ಹಾಗಾಯಿತು. ಸಡಿಲ ಬಿಟ್ಟೆ, ತಿರುಚಿದೆ, ಎಳೆದೆ. ಪಿನ್ನು, ದಾರ, ಅರ್ಧ ಮೊಳ ಹೂವು ಎಲ್ಲ ಒಟ್ಟಿಗೆ ಕೈಗೆ ಬಂದವು. ಮೀಟರಿನ ಮುಳ್ಳು ಎಲ್ಲಿದೆ ಎಂದು ನೋಡಿದರೆ ಗಂಧದ ಬೊಟ್ಟು. ದೇವರ ಮೇಲೆ ಭಾರ ಹಾಕಿ ಬುಡಕ್ಕೆ ಗುರಿ ಹಿಡಿದು ಅದುಮಿದೆ.

ಅಬ್ಬಾ, ಆ ಸದ್ದು! ನಡುಮನೆಯೆಲ್ಲ ಬೆಳ್ಳಗಾಯಿತು. ಎರಡನೆಯ ಮೆಟ್ಟಿಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗುಡಿಸಿದೆ. ಕಿರಾಣಿ ಅಂಗಡಿಯ ಶೆಟ್ಟಿ ಗೊಂಬೆ ತನ್ನ ತೂಕದ ತಕ್ಕಡಿ ಸಮೇತ ಉರುಳಿಬಿತ್ತು. ಬ್ಯಾಂಡಿನವರು ಒಬ್ಬರ ಮೇಲೊಬ್ಬರು ಬಿದ್ದರು. ಬೆಂಕಿ ಒಮ್ಮೆ ತಲೆ ತಗ್ಗಿಸಿ, ಇನ್ನೊಮ್ಮೆ ಇಣುಕಿ, ಹೋಯಿತು. ನಾನು ಅದಕ್ಕೆ ಬೆನ್ನು ತೋರಿಸಲಿಲ್ಲ. ಹತ್ತಿಯ ಒಳಗೆ ಕಿಡಿ ಅಡಗಿದ್ದು ಮತ್ತೆ ಏಳಬಹುದು ಎಂದು ಕಾದು ನಿಂತೆ. ಎದ್ದೇ ಎದ್ದಿತು, ಬೆರಳಷ್ಟು. ಉಳಿದ ಪುಡಿಯನ್ನೂ ಅದಕ್ಕೇ ಕೊಟ್ಟೆ. ಆಮೇಲೆ ಕೆಮ್ಮುತ್ತಾ ಹಿಂದು ಹಿಂದಕ್ಕೆ ನಡೆದು ಹೊರಗೆ ಬಂದೆ.

ಬೀದಿಯಲ್ಲಿ ಆಗಲೇ ಇಪ್ಪತ್ತು ಜನ ಇದ್ದರು. ತಲೆಯಿಂದ ಕಾಲವರೆಗೆ ಬೆಳ್ಳಗಾಗಿ, ಒಂದು ಕೈಯಲ್ಲಿ ಸಿಲಿಂಡರು, ಇನ್ನೊಂದು ಕೈಯಲ್ಲಿ ಸೇವಂತಿಗೆ ಹಿಡಿದು ಹೊರಬಂದ ನನ್ನನ್ನು ನೋಡಿ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅಮ್ಮ ಒಳಗೆ ಇಣುಕಿ ನೋಡಿ, ಶಾಂತವಾಯ್ತು ಎಂದಳು. ಆಗ ಮತ್ತೆ ಹೆದರಿಕೆ ಹತ್ತಿ, ಸಿಲಿಂಡರನ್ನು ತಬ್ಬಿಕೊಂಡು ಜಗಲಿಯ ಮೇಲೆ ಕುಳಿತುಬಿಟ್ಟೆ. ಒಳಗೊಳಗೇ ಮಾತ್ರ ಕುಣಿಯುವಷ್ಟು ಖುಷಿ. ಈ ಎರಡೂ ಒಟ್ಟಿಗೆ ಆಗುತ್ತವೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಹೊಗೆ ಪೂರಾ ಹೋದ ಮೇಲೆ, ಕಿಟಕಿ ಬಾಗಿಲೆಲ್ಲ ತೆರೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆವು. ರಾಜ ರಾಣಿ ಕುಳಿತಲ್ಲೇ ಕುಳಿತಿದ್ದರು, ಇಬ್ಬರಿಗೂ ತಲೆ ನರೆತಿತ್ತು. ರತ್ನ ಒಣ ಬಟ್ಟೆಯಲ್ಲಿ ಮೆಲ್ಲಗೆ ಪುಡಿ ಒರೆಸಿದಳು. ರಾಣಿಯ ಸೀರೆಯ ಅಂಚು ಎರಡು ಬೆರಳಷ್ಟು ಕಪ್ಪಾಗಿತ್ತು. ಅವಳು ಅದನ್ನು ಬೆರಳಿನಿಂದ ಸವರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಫ್ಯಾನು ಹಾಕಿದ್ದು ನಾನೇ ಎಂದು ಹೇಳಿಬಿಟ್ಟೆ.

“ಗೊತ್ತು ಕಣ್ರೀ, ನೋಡಿದೆ,” ಎಂದಳು ರತ್ನ. “ನಂಗೂ ಸೆಕೆ ಆಗ್ತಿತ್ತು, ಸುಮ್ನಿದ್ದೆ. ಅತ್ತೆ ಹಿಡ್ಕೊಳ್ದೆ ಇದ್ದಿದ್ರೆ ಕೈ ಹಾಕೇಬಿಡ್ತಿದ್ದೆ. ನಮ್ಮಮ್ಮ ನೋಡಿದ್ರೆ ಬೈತಿದ್ರು. ನಿಂಗೋಸ್ಕರ ಗೊಂಬೆ ಕೊಟ್ಟಿದ್ದು, ಗೊಂಬೆಗೋಸ್ಕರ ನಿನ್ನ ಕೊಟ್ಟಿದ್ದಾ ಅಂತ.”

ಅಷ್ಟು ಹೇಳಿ ಅವಳು ನಕ್ಕಳು. ನನಗೆ ಕಣ್ಣು ತುಂಬಿತು. ಪುಡಿ ಬಿದ್ದಿದೆ ಎಂದು ಹೇಳಿ ಮುಖ ತೊಳೆಯಲು ಹೋದೆ.

ಆ ಪುಡಿಯ ವಿಷಯ ಯಾರೂ ನಿಮಗೆ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಒಂದು ವಾರ ನಾವು ಅದನ್ನು ಗುಡಿಸಿದೆವು. ಹೊಲಿಗೆ ಯಂತ್ರದಿಂದ ಬಂತು, ಗಡಿಯಾರದಿಂದ ಬಂತು, ಮಡಿಸಿಟ್ಟ ಹಾಸಿಗೆಯಿಂದ ಬಂತು. ಇನ್ನೊಂದು ವಿಷಯ: ಒಂದು ಸಲ ಅದುಮಿದ ಸಿಲಿಂಡರು, ಒಳಗೆ ಪುಡಿ ಉಳಿದಿದ್ದರೂ ಮತ್ತೆ ತುಂಬಿಸದೆ ಕೆಲಸಕ್ಕೆ ಬಾರದು. ಮರುದಿನ ವಿಜಯದಶಮಿ, ತುಂಬುವ ಅಂಗಡಿ ಬಾಗಿಲು ಹಾಕಿತ್ತು. ಸಿಲಿಂಡರು ಇಲ್ಲದ ಮನೆಯಲ್ಲಿ ದೀಪ ಹಚ್ಚಲು ಅಮ್ಮ ಒಪ್ಪಲೇ ಇಲ್ಲ. ಕೊನೆಗೆ ದೀಪದ ಪಕ್ಕದಲ್ಲಿ ಒಂದು ಬಕೆಟ್ಟು ನೀರು ಇಟ್ಟುಕೊಂಡು, ತಾನೇ ಎದುರಿಗೆ ಕುಳಿತು ಕಾದಳು. ಒಂದು ವರ್ಷ ನಾನು ಮಾಡಿದ ಪಾಠದಿಂದ ಆಗದ್ದು ಹತ್ತು ಸೆಕೆಂಡಿನಲ್ಲಿ ಆಗಿತ್ತು.

ಕಾರ್ಖಾನೆಗೆ ಹೋದಾಗ ಚಿಕ್ಕೇಗೌಡರಿಗೆ ಫೋನು ಮಾಡಿ ಉತ್ಸಾಹದಿಂದ ಎಲ್ಲ ಹೇಳಿದೆ. ಬಾಗಿಲು ಬೆನ್ನ ಹಿಂದೆ ಇತ್ತೇ ಎಂದು ಕೇಳಿದರು. ಇತ್ತು ಎಂದೆ. ಸಿಲಿಂಡರು ಬಾಗಿಲ ಪಕ್ಕ ಇತ್ತೇ ಎಂದರು. ನಾನು ಕೆಮ್ಮಿದೆ. ಅವರೂ ಒಮ್ಮೆ ಕೆಮ್ಮಿ, ಈ ಸಲ ಕಾಗದ ಎಷ್ಟು ದಾಸ್ತಾನು ಬಂದಿದೆ ಎಂದು ಮಾತು ಬದಲಿಸಿದರು. ದೊಡ್ಡ ಮನುಷ್ಯ.

ಮರುವರ್ಷದ ಆಯುಧಪೂಜೆ ಬಂತು. ಗೊಂಬೆಗಳ ಸುತ್ತ ಕಾಗದ ಇರಲಿಲ್ಲ, ಹತ್ತಿ ಇರಲಿಲ್ಲ, ದೀಪ ಮಾರು ದೂರ ಸರಿದಿತ್ತು. ರಾಣಿ ಅದೇ ಸುಟ್ಟ ಅಂಚಿನ ಸೀರೆಯಲ್ಲಿ ಕುಳಿತಿದ್ದಳು; ರತ್ನ ಆ ಅಂಚು ಎದುರಿಗೆ ಕಾಣುವ ಹಾಗೆಯೇ ಮಡಿಸಿದ್ದಳು. ನಾನು ಅಭ್ಯಾಸಬಲದಿಂದ ಸಿಲಿಂಡರನ್ನು ಮೊಳೆಯಿಂದ ಇಳಿಸಲು ಹೋದೆ. ಅಮ್ಮ ಗದರಿದಳು. ಅದು ಎಲ್ಲಿದೆಯೋ ಅಲ್ಲೇ ಇರಲಿ, ಕಾವಲಿನವನನ್ನು ಊಟಕ್ಕೆ ಎಂದು ಒಳಗೆ ಕರೆದು ಕೂರಿಸಿದರೆ ಬಾಗಿಲು ಯಾರು ಕಾಯುತ್ತಾರೆ ಎಂದು ಕೇಳಿ, ಆರತಿ ತಟ್ಟೆ ಹಿಡಿದು ತಾನೇ ಬಾಗಿಲಿಗೆ ಹೋದಳು. ಸಿಲಿಂಡರಿನ ನೆತ್ತಿಯ ಮೇಲೆ ಒಂದೇ ಒಂದು ಬಿಡಿ ಹೂವು. ಗಂಧ ಹೊಟ್ಟೆಯ ಮೇಲೆ ಮಾತ್ರ, ಕುಂಕುಮವೂ ಅಲ್ಲೇ. ನನ್ನನ್ನು ಕರೆದು, ಮುಳ್ಳು ಹಸಿರಲ್ಲಿದೆಯೇ ನೋಡು ಎಂದಳು. ಇದೆ ಎಂದ ಮೇಲೆ ಆರತಿ ಎತ್ತಿದಳು.

ನನಗೆ ವರ್ಷದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಚಾಕುವಿಗೆ, ಕತ್ತರಿಗೆ, ಬಾವನ ಕಲ್ಲಂಗಡಿಗೆ ಬಗ್ಗದ ಕಾನೂನು ಆವತ್ತು ಅಷ್ಟು ಸುಲಭವಾಗಿ ಬಗ್ಗಿದ್ದು ಹೇಗೆ? ಅಮ್ಮ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

“ಇಳಿಗೆ ಮಣೆ ವರ್ಷವೆಲ್ಲ ದುಡೀತದೆ, ಅದ್ಕೆ ಒಂದ್ ದಿನ ರಜ. ಇದು ವರ್ಷವೆಲ್ಲ ಸುಮ್ನೆ ನೇತಾಡ್ಕೊಂಡಿತ್ತು. ಇದ್ಕೆ ಯಾವ್ ರಜ ಕೊಡಾದು?”

ಹೇಳಿ, ಸಿಲಿಂಡರಿನ ಕಡೆ ತಿರುಗಿ ಮಂಗಳಾರತಿಯ ಮೇಲೆ ಅಂಗೈ ಇಟ್ಟು ಕಣ್ಣಿಗೆ ಒತ್ತಿಕೊಂಡಳು. ಬೇರೆ ಆಯುಧಗಳಿಗೆ ಅವಳು ಬೇಡಿಕೊಳ್ಳುವುದು ನನಗೆ ಗೊತ್ತು: ಕೈ ಹಿಡಿದು ನಡೆಸಪ್ಪ, ಕೆಲಸ ಹೆಚ್ಚಲಿ, ಮೊಂಡಾಗದೆ ಇರು ಎಂದು. ಇದಕ್ಕೆ ಏನು ಬೇಡುತ್ತಾಳೋ ಎಂದು ಕಿವಿಗೊಟ್ಟೆ. ಅಮ್ಮ ಆ ಕೆಂಪು ಹೊಟ್ಟೆಯನ್ನು ಮೊಮ್ಮಗುವನ್ನು ಸವರುವ ಹಾಗೆ ಸವರಿ ಮೆಲ್ಲಗೆ ಹೇಳಿದಳು:

“ಇನ್ನು ನೂರು ವರ್ಷ ಕೆಲ್ಸ ಇಲ್ದೆ ಸುಮ್ನೆ ಕೂತಿರಪ್ಪ ನೀನು.”